ವಾಪಸ್ ಪೈಪು

ಒಗೆಯಲು ಹಾಕುವ ಮೊದಲು ಅಂಗಿಯ ಜೇಬು ತಡವಿ ನೋಡುವುದು ನನ್ನ ಹೆಂಡತಿ ವಸಂತಿಯ ಹಳೆಯ ಅಭ್ಯಾಸ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದಷ್ಟು ಕಾಲ ಅವಳಿಗೆ ಸಿಗುತ್ತಿದ್ದದ್ದು ಸೀಮೆಸುಣ್ಣದ ಚೂರು, ಯಾರೋ ಬರೆದುಕೊಟ್ಟ ರಜಾ ಚೀಟಿ, ಒಮ್ಮೆ ಪ್ರಯೋಗಕ್ಕೆಂದು ಇಟ್ಟುಕೊಂಡು ಮರೆತ ಲಿಟ್ಮಸ್ ಕಾಗದ. ನಿವೃತ್ತಿಯಾದ ಮೇಲೆ ಈ ತಪಾಸಣೆ ಬೇಕಾಗುವುದಿಲ್ಲ ಎಂದುಕೊಂಡಿದ್ದಳು. ಮೊನ್ನೆ ನನ್ನದೊಂದು ಹಳೆಯ ಅಂಗಿಯನ್ನು ನೆಲ ಒರೆಸಲು ಹರಿಯುವುದಕ್ಕೆ ಹೊರಟಾಗ, ಅದರ ಜೇಬಿನಿಂದ ಹೆಬ್ಬೆರಳಿಗೆ ಹಾಕುವಷ್ಟು ದೊಡ್ಡ ಕೆಂಪು ರಬ್ಬರ್ ಟೋಪಿಯೊಂದು ಕೆಳಗೆ ಬಿತ್ತು. "ಇದು ಎಂತದು?" ಎಂದು ಕೇಳಿದವಳು ನನ್ನ ಮುಖ ನೋಡಿ, ಉತ್ತರಕ್ಕೆ ಕಾಯದೆ ಅದನ್ನು ಕಿಟಕಿಯ ಮೇಲಿಟ್ಟು ಒಳಗೆ ಹೋದಳು.

ಅದು ಟ್ರ್ಯಾಕ್ಟರಿನದು. ಎಣ್ಣೆ ಹರಿಯುವ ಪೈಪಿನ ತುದಿಯೊಳಗೆ ಧೂಳು ಹೋಗದಿರಲಿ ಎಂದು ಹಾಕುವ ಮುಚ್ಚಳ. ಇದರ ಜೊತೆಗೆ ಇನ್ನೊಂದಿತ್ತು. ಆ ಎರಡು ಟೋಪಿಗಳು ಸೇರಿ ನಮ್ಮ ಮನೆಯಲ್ಲಿ ಏನು ಮಾಡಿದವು ಎನ್ನುವುದನ್ನು ನಿಮಗೆ ಹೇಳಬೇಕು. ಹೇಳುತ್ತ ಹೇಳುತ್ತ ದಾರಿ ತಪ್ಪಿದರೆ ಸಹಿಸಿಕೊಳ್ಳಿ. ಮೂವತ್ತು ವರ್ಷ ಪೀರಿಯಡ್ಡಿನ ಲೆಕ್ಕದಲ್ಲಿ ಮಾತಾಡಿದವನಿಗೆ, ಗಂಟೆ ಹೊಡೆಯುವವರು ಇಲ್ಲದಿದ್ದರೆ ನಿಲ್ಲಿಸುವುದು ಎಲ್ಲಿ ಎಂದು ಗೊತ್ತಾಗುವುದಿಲ್ಲ.

ನಮ್ಮೂರು ಹೊಸನಗರದಿಂದ ನಗರಕ್ಕೆ ಹೋಗುವ ದಾರಿಯಲ್ಲಿದೆ. ಹಾಗೆಂದರೆ ಹೊರಗಿನವರು "ಯಾವ ನಗರ?" ಎಂದು ಕೇಳುತ್ತಾರೆ. ನಗರ ಎನ್ನುವುದೇ ಊರಿನ ಹೆಸರು. ಹಿಂದೊಮ್ಮೆ ರಾಜಧಾನಿಯಾಗಿತ್ತಂತೆ, ಕೋಟೆ ಇನ್ನೂ ಇದೆ. ಈಗ ಅಲ್ಲಿಗೆ ನಾವು ಹೋಗುವುದು ಮುಖ್ಯವಾಗಿ ಪಂಕ್ಚರ್ ಹಾಕಿಸಲು. ನನ್ನ ಪಾಠದಲ್ಲೂ ಹೀಗೇ ಆಗುತ್ತಿತ್ತು. ಒತ್ತಡದ ಪಾಠ ಶುರು ಮಾಡಿ ಕೋಟೆಯ ಬಾವಿಗೆ ಹೋಗಿ, ಅಲ್ಲಿಂದ ವಾಪಸ್ ಬರುವಷ್ಟರಲ್ಲಿ ಮಕ್ಕಳು ಊಟಕ್ಕೆ ಎದ್ದಿರುತ್ತಿದ್ದರು.

ವಾಪಸ್ ಎಂದೆನಲ್ಲ, ಈ ಕಥೆಯೆಲ್ಲ ನಿಂತಿರುವುದು ಆ ಮಾತಿನ ಮೇಲೆ. ಅದಕ್ಕೆ ಮೊದಲು ಅಕ್ಕನ ವಿಷಯ ಹೇಳಬೇಕು.

ಅಕ್ಕ ಎಂದರೆ ಗಿರಿಜಕ್ಕ. ನನಗಿಂತ ಆರು ವರ್ಷಕ್ಕೆ ದೊಡ್ಡವಳು. ನಮ್ಮ ಅಪ್ಪ ಗೇಣಿಗೆ ಮಾಡುತ್ತಿದ್ದ ಗದ್ದೆ ಕಾನೂನು ಬಂದ ಮೇಲೆ ಅವರದ್ದೇ ಆಯಿತು, ಅವರಾದ ಮೇಲೆ ನನ್ನ ಹೆಸರಿಗೆ ಬಂತು. ಹೆಸರಿಗೆ ಬಂದದ್ದು ನನಗೆ, ಮಾಡಿದ್ದು ಅವಳು. ನಾನು ಟಿಫನ್ ಡಬ್ಬಿ ಹಿಡಿದು ಬೆಳಗಿನ ಬಸ್ಸಿಗೆ ಓಡುವಷ್ಟರಲ್ಲಿ ಅವಳು ಗದ್ದೆಗೆ ಒಂದು ಸುತ್ತು ಹಾಕಿ ಬಂದು, ಕಾಲು ತೊಳೆದು, ಎರಡನೆಯ ಚಾ ಕುಡಿಯುತ್ತಿರುತ್ತಿದ್ದಳು. ಸಂಜೆ ನಾನು "ಇವತ್ತು ಗದ್ದೇಲಿ ಎಂತ ಆತು?" ಎಂದು ಕೇಳುವುದು, ಅವಳು "ಎಂತ ಆಗ್ತದೆ, ಇದ್ದಲ್ಲೇ ಇದೆ" ಎನ್ನುವುದು. ಇಷ್ಟೇ ನನ್ನ ಬೇಸಾಯ. ಆದರೂ ಯಾರಾದರೂ "ಮೇಷ್ಟ್ರ ಗದ್ದೆ ಈ ಸಲ ಚೆನ್ನಾಗಿ ಬಂದಿದೆ" ಎಂದರೆ ನಾನು ಗಂಭೀರವಾಗಿ ತಲೆಯಾಡಿಸುತ್ತಿದ್ದೆ.

ಅವಳನ್ನು ತೀರ್ಥಹಳ್ಳಿ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ಎರಡನೆಯ ವರ್ಷ ಒಂದು ಮಧ್ಯಾಹ್ನ, ಒಂದೇ ಒಂದು ಕೈಚೀಲ ಹಿಡಿದು ಬಸ್ಸಿಳಿದು ನಡೆದುಕೊಂಡು ಬಂದಳು. ಅಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು. ತಲೆಯೆತ್ತಿ ನೋಡಿ, "ಊಟ ಆಗಿದ್ಯಾ?" ಎಂದರು. ಆಗಿಲ್ಲ ಎಂದಳು. "ಹಂಗಾರೆ ಮೊದ್ಲು ಊಟ ಮಾಡು" ಎಂದು ಹಗ್ಗಕ್ಕೆ ತಿರುಗಿದರು. ಅಲ್ಲಿ ಏನಾಯಿತು, ಯಾಕೆ ಬಂದೆ ಎಂದು ಆ ದಿನವೂ ಕೇಳಲಿಲ್ಲ, ಆಮೇಲೂ ಕೇಳಿದ್ದು ನಾನು ಕಂಡಿಲ್ಲ. ಊರಿನವರು ಮಾತ್ರ ಬಹಳ ಕಾಲ ಅವಳಿಗೆ ಇನ್ನೊಂದು ಹೆಸರು ಇಟ್ಟಿದ್ದರು. ವಾಪಸ್ ಬಂದವಳು. ಯಾವ ಗಿರಿಜ ಎಂದು ಯಾರಾದರೂ ಕೇಳಿದರೆ, "ಅದೇ, ವಾಪಸ್ ಬಂದವಳು" ಎಂದರೆ ಗುರುತು ಸಿಗುತ್ತಿತ್ತು.

ಆ ಅಕ್ಕನಿಗೆ ಹೋದ ವರ್ಷ ಹೆಗಲು ಸೋತಿತು. ಸೋಲದೆ ಏನು? ಗೊಬ್ಬರದ ಗುಂಡಿಯಿಂದ ಹೆಡಿಗೆ ಹೆಡಿಗೆ ತುಂಬಿ ಗದ್ದೆಗೆ ಹೊತ್ತ ಹೆಗಲು ಅದು. ಕೈ ಮೇಲೆತ್ತಿ ತಲೆ ಬಾಚಿಕೊಳ್ಳಲೂ ಕಷ್ಟವಾಯಿತು. ಡಾಕ್ಟರು ಭಾರ ಹೊರಬೇಡಿ ಎಂದರು. ಗೊಬ್ಬರ ಹೊರಲು ಜನ ಸಿಗುವುದಿಲ್ಲ. ಗೊಬ್ಬರ ಇಲ್ಲದೆ ಗದ್ದೆ ಮಾಡುವುದು ಅವಳಿಗೆ ಗೊತ್ತಿಲ್ಲ. ಆ ಹೊತ್ತಿಗೇ ಶುಂಠಿ ಬೆಳೆಯುವವರ ಪರವಾಗಿ ಗದ್ದೆ ಗುತ್ತಿಗೆ ಹಿಡಿದುಕೊಡುವ ಏಜೆಂಟನೊಬ್ಬ ನಮ್ಮ ಕಡೆ ಬೈಕಿನಲ್ಲಿ ತಿರುಗುತ್ತಿದ್ದ. "ಕೊಟ್ಟುಬಿಡೋಣ ಅಕ್ಕ, ನೀನೂ ಸ್ವಲ್ಪ ಕೂತ್ಕೋ" ಎಂದೆ. ನಾನು ಬಹಳ ದೊಡ್ಡ ಮನಸ್ಸಿನಿಂದ ಹೇಳಿದೆ ಎಂದೇ ಅಂದುಕೊಂಡಿದ್ದೆ.

ಅವಳು ಅಕ್ಕಿ ಆರಿಸುತ್ತಿದ್ದವಳು ಮೊರದಿಂದ ಕಣ್ಣೆತ್ತಲಿಲ್ಲ. "ಅಂಚು ಒಡೀತಾರೆ, ಆಳುದ್ದ ಚರಂಡಿ ಹೊಡೀತಾರೆ. ಶುಂಠಿಗೆ ಹೋದ ಗದ್ದೆ ವಾಪಸ್ ಬರೋದಿಲ್ಲ ತಮ್ಮ, ಜಾಗ ಬರ್ತದೆ ಅಷ್ಟೆ" ಎಂದಳು. ಸಿಕ್ಕ ಕಲ್ಲೊಂದನ್ನು ಅಂಗಳಕ್ಕೆ ಎಸೆದು, "ಆ ನಿನ್ನ ಸಣ್ಣ ಟ್ರ್ಯಾಕ್ಟರು ಹಿಂದಗಡೆಯಿಂದ ನೇಗಿಲು ಎತ್ತತದಲ್ಲ, ಮುಂದಗಡೆಯಿಂದ ಗೊಬ್ಬರ ಎತ್ತೋಕೆ ಬರೋದಿಲ್ವಾ ಅದಕ್ಕೆ?" ಎಂದು ಕೇಳಿದಳು.

ಆ ಟ್ರ್ಯಾಕ್ಟರ್ ನಾನು ನಿವೃತ್ತಿಯಾದಾಗ ತಂದದ್ದು. ಗಾತ್ರದಲ್ಲಿ ಚಿಕ್ಕದು, ಅಂಚು ಹತ್ತಿ ಇಳಿಯುತ್ತದೆ. ಅದರ ಮೇಲೆ ಕೂತರೆ ನಾನೂ ಒಬ್ಬ ರೈತ ಎನಿಸುತ್ತಿತ್ತು. ಮುಂದಿನಿಂದ ಎತ್ತುವ ವಿಚಾರ ನನಗೆ ಹೊಳೆದಿರಲಿಲ್ಲ. ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಎರಡು ಸಿರಿಂಜಿಗೆ ಒಂದು ನಳಿಕೆ ಸಿಕ್ಕಿಸಿ ವರ್ಷ ವರ್ಷವೂ ತೋರಿಸಿದವನು ನಾನು. ಅದರಿಂದ ಗೊಬ್ಬರ ಎತ್ತಬಹುದೇ ಎಂದು ಕೇಳಿದ್ದು ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಅಕ್ಕ.

ಹೀಗೆ ನಾವು ಸಾಗರದ ಮಂಜಾಚಾರ್ರ ವರ್ಕ್‌ಶಾಪಿಗೆ ಹೋದೆವು. ಅವರ ಮನೆತನ ಮರದ ನೇಗಿಲು ಮಾಡಿಕೊಡುತ್ತಿದ್ದವರದು. "ಅಪ್ಪ ನೇಗಿಲು ಮಾಡಿದ್ರು, ನಾನು ಅದನ್ನ ಎತ್ತೋದನ್ನ ಮಾಡ್ತೀನಿ" ಎನ್ನುತ್ತಾರೆ. ಮೆತ್ತಗೆ ಮಾತಾಡುವ ಮನುಷ್ಯ. ಎಂಜಿನ್ ಓಡುತ್ತಿರುವಾಗಲೂ ದನಿ ಏರಿಸುವುದಿಲ್ಲ, ಕೇಳಬೇಕಾದವರೇ ಹತ್ತಿರ ಹೋಗಬೇಕು. ಅಕ್ಕನಿಗೆ ಒಂದು ಸ್ಟೂಲ್ ಹಾಕಿ ಕೂರಿಸಿ, ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಚಿತ್ರ ಬರೆದರು. ಸೀಟಿನ ಕೆಳಗೆ ಎಣ್ಣೆಯ ಟ್ಯಾಂಕು. ಅಲ್ಲಿಂದ ಪಂಪು ಎಣ್ಣೆ ಎಳೆದು ನೂಕುತ್ತದೆ. ಈಗ ಅದು ಹಿಂದಿನ ನೇಗಿಲನ್ನು ಮಾತ್ರ ಎತ್ತುತ್ತಿದೆ. ಆ ಪೈಪನ್ನು ನಡುವೆ ಕತ್ತರಿಸಿ, ಎಣ್ಣೆಯನ್ನು ಎರಡು ಹಿಡಿಕೆಯ ವಾಲ್ವ್ ಒಂದಕ್ಕೆ ತಂದು, ಅಲ್ಲಿಂದ ಮುಂದಿನ ಬಕೆಟ್ಟಿಗೆ ಪೈಪು ಕೊಡಬೇಕು. ಒಂದು ಹಿಡಿಕೆ ಎತ್ತಲು, ಇನ್ನೊಂದು ಸುರಿಯಲು.

"ಎಲ್ಲರೂ ಎಣ್ಣೆ ಹೋಗೋ ಪೈಪಿನ ಬಗ್ಗೇನೇ ಕೇಳ್ತಾರೆ" ಎಂದರು ಆಚಾರ್ರು, ಚಿತ್ರದಲ್ಲಿ ಒಂದು ಗೆರೆಯನ್ನು ಟ್ಯಾಂಕಿನ ಕಡೆಗೆ ತಿರುಗಿಸುತ್ತ. "ಹೋಗೋದು ಹೆಂಗಾದ್ರೂ ಹೋಗ್ತದೆ, ಪಂಪು ನೂಕ್ತದಲ್ಲ. ಮುಖ್ಯ ಇದು, ವಾಪಸ್ ಪೈಪು. ಕೆಲಸ ಇರ್ಲಿ, ಇಲ್ದೇ ಇರ್ಲಿ, ಹೋದ ಎಣ್ಣೆಗೆ ವಾಪಸ್ ಬರೋಕೆ ಒಂದು ದಾರಿ ತೆರೆದಿರಬೇಕು. ಅದನ್ನ ಮುಚ್ಚಿದ್ರೆ ಕೆಟ್ಟಿತು."

ಅಕ್ಕ ಆ ಗೆರೆಯನ್ನೇ ನೋಡುತ್ತಿದ್ದಳು. "ನಮ್ಮಪ್ಪಂಗೆ ಅದು ಗೊತ್ತಿತ್ತು" ಎಂದಳು.

ಆಚಾರ್ರು "ಅವರೂ ಮೆಕ್ಯಾನಿಕ್ಕಾ?" ಎಂದು ಕೇಳಿದರು. "ಅಲ್ಲ, ಗದ್ದೆ ಮಾಡ್ತಿದ್ರು" ಎಂದಳು. ನಾನು ಗೋಡೆಯಲ್ಲಿ ನೇತು ಹಾಕಿದ್ದ ಸ್ಪ್ಯಾನರುಗಳನ್ನು ಎಣಿಸುತ್ತ ನಿಂತೆ.

ಪೈಪು ಜೋಡಿಸುವ ಕೆಲವು ತುಂಡುಗಳು ತೀರ್ಥಹಳ್ಳಿಯ ಅಂಗಡಿಯೊಂದರಲ್ಲಿ ಇವೆ ಎಂದು ಗೊತ್ತಾಯಿತು. ಹೇಗೂ ಅಲ್ಲೊಂದು ಗೃಹಪ್ರವೇಶಕ್ಕೆ ಹೋಗುವವನಿದ್ದೆ, ನಾನೇ ತರುತ್ತೇನೆ ಎಂದೆ. ಆಚಾರ್ರು ಚೀಟಿ ಬರೆದುಕೊಟ್ಟರು. ಇಂಚಿನಲ್ಲಿ ಎಂಟನೆಯ ಒಂದು ಭಾಗಕ್ಕೆ ಇವರೆಲ್ಲ ಸೂತ್ ಎನ್ನುತ್ತಾರೆ. ನಾಲ್ಕು ಸೂತ್ ಎಂದರೆ ಅರ್ಧ ಇಂಚು. ಚೀಟಿಯನ್ನು ನಾನು ಗೃಹಪ್ರವೇಶದ ಪಾಯಸ ಒರೆಸಲು ಬಳಸಿದೆ ಎಂದು ಕಾಣುತ್ತದೆ. ನಾಲ್ಕು ಸೂತ್ ಎನ್ನುವುದೊಂದು ನೆನಪಿತ್ತು. ಅಂಗಡಿಗೆ ಹೋಗಿ ಅರ್ಧ ಇಂಚಿನ ನಿಪ್ಪಲ್, ಎಲ್ಬೊ ಎಲ್ಲ ತೆಗೆದುಕೊಂಡು, ಸೋರಬಾರದಲ್ಲ ಎಂದು ಸುತ್ತಲು ಬಿಳಿ ಟೇಪಿನ ಎರಡು ಸುರುಳಿಯನ್ನೂ ಸೇರಿಸಿ ತಂದೆ. ಆಚಾರ್ರು ಒಂದೊಂದಾಗಿ ಎತ್ತಿ ನೋಡಿ ಬೆಂಚಿನ ಮೇಲೆ ಸಾಲಾಗಿ ಇಟ್ಟರು. "ಮೇಷ್ಟ್ರೇ, ಇವು ಬಚ್ಚಲು ಮನೆಗೆ ಭಾಳ ಚೆನ್ನಾಗಿ ಆಗ್ತವೆ" ಎಂದರು. ಆಮೇಲೆ ಅವರೇ ಹೋಗಿ ಸರಿಯಾದದ್ದು ತಂದರು.

ಇದರಲ್ಲಿ ನನ್ನ ತಪ್ಪು ಪೂರ್ತಿ ನನ್ನದಲ್ಲ ಎಂದು ಈಗಲೂ ವಾದಿಸುತ್ತೇನೆ. ನಾವು ಅಬ್ಬಿ ನೀರಿನ ಜನ. ಗುಡ್ಡದ ಮೇಲೆ ಎಲ್ಲೋ ನೀರು ಹುಟ್ಟುತ್ತದೆ, ಬಗನಿ ಮರ ಸೀಳಿ ಮಾಡಿದ ದಬ್ಬೆಯಲ್ಲಿ ಹರಿದು ಹಿತ್ತಿಲಿಗೆ ಬೀಳುತ್ತದೆ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ದಬ್ಬೆ ಹೋಗಿ ಕಪ್ಪು ಪೈಪು ಬಂತು. ನೀರು ಬೇಡವಾದರೆ ಪೈಪಿನ ಬಾಯಿಗೆ ಬಟ್ಟೆ ಸುತ್ತಿದ ಒಂದು ಗೂಟ ಹೊಡೆದರೆ ಆಯಿತು. ನೀರು ಪೈಪಿನೊಳಗೆ ಸುಮ್ಮನೆ ನಿಂತಿರುತ್ತದೆ. ಬೆಳಿಗ್ಗೆ ಗೂಟ ತೆಗೆದರೆ ಬರುತ್ತದೆ. ಅದಕ್ಕೆ ಸಿಟ್ಟಿಲ್ಲ, ಅವಸರವಿಲ್ಲ. ವಾಪಸ್ ಹೋಗುವ ಪ್ರಶ್ನೆಯೇ ಇಲ್ಲ, ನೀರು ಗುಡ್ಡ ಹತ್ತುತ್ತದೆಯೇ? ಎಲ್ಲಾದರೂ ಜಾಯಿಂಟು ಬಿಟ್ಟುಕೊಂಡರೆ ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಅಕ್ಕ ಓಡಿಬಂದು ಅಂಗೈಯನ್ನು ಅದಕ್ಕೆ ಒತ್ತಿ ಹಿಡಿಯುವುದು, ನಾನು ಗುಡ್ಡ ಹತ್ತಿ ಮೇಲಿನ ಬಾಯಿ ಮುಚ್ಚುವುದು. ನಾನು ದಾರಿಯಲ್ಲಿ ನೇರಳೆ ಹಣ್ಣಿನ ಮರ ಕಂಡು ನಿಂತುಬಿಡುತ್ತಿದ್ದೆ. ಇಳಿದು ಬರುವಾಗ ಅವಳು ಕುತ್ತಿಗೆವರೆಗೆ ಒದ್ದೆಯಾಗಿ ಹಾಗೇ ಕೈ ಹಿಡಿದು ನಿಂತಿರುತ್ತಿದ್ದಳು. ಬೈಯುತ್ತಿದ್ದಳು, ಆದರೆ ಕೈ ತೆಗೆದಿರುತ್ತಿರಲಿಲ್ಲ.

ಟ್ರ್ಯಾಕ್ಟರು ತಯಾರಾದ ದಿನ ನಾನೊಬ್ಬನೇ ತರಲು ಹೋದೆ. ಬಕೆಟ್ಟು ಬೇಡದಾಗ ಬಿಚ್ಚಿಡುವಂತೆ ಮಾಡಿದ್ದರು. ವಾಲ್ವೂ ಹಿಡಿಕೆಗಳೂ ಬಕೆಟ್ಟಿನ ಕಟ್ಟಿನ ಜೊತೆಗೇ ಬರುತ್ತವೆ, ಟ್ರ್ಯಾಕ್ಟರಿನಲ್ಲಿ ಉಳಿಯುವುದು ಎರಡು ಪೈಪಿನ ತುದಿ. ಒಂದು ಹೋಗುವುದು, ಒಂದು ವಾಪಸ್ ಬರುವುದು. ಆಚಾರ್ರು ನನ್ನನ್ನು ಹತ್ತಿರ ಕರೆದು ಎರಡು ಮಾತು ಹೇಳಿದರು. "ಬಕೆಟ್ ಬಿಚ್ಚಿದ ಮೇಲೆ ಈ ಎರಡು ತುದಿ ಒಂದಕ್ಕೊಂದು ಕೂಡಿಸಿಬಿಡಿ. ಒಂದು ಗಂಡು, ಒಂದು ಹೆಣ್ಣು, ಕೂತ್ಕೊಂಡ್ಬಿಡ್ತವೆ. ಬೇರೆ ಬೇರೆ ಇದ್ರೆ ಎರಡರ ಬಾಯೂ ತಾನೇ ಮುಚ್ಕೊಳ್ತದೆ. ಎಣ್ಣೆ ಸುಮ್ನೆ ಸುತ್ತು ಹಾಕ್ತಿರಲಿ. ಇನ್ನೊಂದು, ಎಲ್ಲಾದ್ರೂ ಸೋರಿದ್ರೆ ಕೈ ಇಡಬೇಡಿ. ರಟ್ಟಿನ ಚೂರು ಹಿಡಿದು ನೋಡಿ. ಇದರೊಳಗಿನ ಒತ್ತಡ ಅಂದ್ರೆ ಒಂದು ಉಗುರಗಲ ಜಾಗದ ಮೇಲೆ ಎರಡು ಮೂಟೆ ಭತ್ತ ಕೂತಂಗೆ. ಮನೇಲಿ ಎಲ್ಲರಿಗೂ ಹೇಳಿ."

ಹೂಂ ಎಂದೆ. ನನಗೆ ಒತ್ತಡದ ಬಗ್ಗೆ ಹೇಳುತ್ತಿದ್ದಾರಲ್ಲ ಎಂದು ಒಳಗೊಳಗೆ ನಗುವೂ ಬಂದಿತ್ತು. ಮನೆಯಲ್ಲಿ ಹೇಳಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಅಕ್ಕನಿಗೆ ಇದೆಲ್ಲ ಯಾಕೆ, ನಾನಿದ್ದೇನಲ್ಲ ಎಂದುಕೊಂಡೆ.

ಬಕೆಟ್ಟು ಚೆನ್ನಾಗಿ ಕೆಲಸ ಮಾಡಿತು. ಸುಗ್ಗಿ ಮುಗಿದಿತ್ತು, ಗದ್ದೆ ಒಣಗಿತ್ತು. ಅಕ್ಕ ಮೊದಲ ದಿನ ನೋಡಿದಳು, ಎರಡನೆಯ ದಿನ "ಇಳಿ ಸ್ವಲ್ಪ" ಎಂದಳು. ಕ್ಲಚ್ಚು ಬಿಡುವಾಗ ಒಮ್ಮೆ ಟ್ರ್ಯಾಕ್ಟರು ಕುಪ್ಪಳಿಸಿತು. ಅದಾದ ಮೇಲೆ ಅವಳು ಗೊಬ್ಬರದ ಗುಂಡಿಗೆ ಬಕೆಟ್ಟು ಇಳಿಸಿ, ಎತ್ತಿ, ಮೇಲಿನ ಗದ್ದೆಯಲ್ಲಿ ಅಲ್ಲಲ್ಲಿ ಸುರಿದ ಗುಪ್ಪೆಗಳನ್ನು ನೋಡಿದರೆ ಯಾರೋ ಹಗ್ಗ ಹಿಡಿದು ಅಳೆದು ಇಟ್ಟ ಹಾಗಿತ್ತು. ನಾನು ಸುರಿದ ಕಡೆ ಒಂದೇ ಕಡೆ ಗುಡ್ಡೆಯಾಗಿತ್ತು. ಅವಳು ಅಷ್ಟು ಖುಷಿಯಾಗಿದ್ದನ್ನು ನಾನು ಬಹಳ ವರ್ಷಗಳಿಂದ ನೋಡಿರಲಿಲ್ಲ. ಸಂಜೆ ಜಗಲಿಯಲ್ಲಿ ಕೂತು ಬಲಗೈಯನ್ನು ಗಾಳಿಯಲ್ಲಿ ಹಿಂದೆ ಮುಂದೆ ಆಡಿಸಿ, ಹಿಡಿಕೆ ಎಳೆಯುವುದನ್ನು ಒಬ್ಬಳೇ ಅಭ್ಯಾಸ ಮಾಡುತ್ತಿದ್ದಳು.

ಮೇಲಿನ ಗದ್ದೆಗೆ ಗೊಬ್ಬರ ಮುಗಿಯಿತು. ಅದನ್ನು ಉಳಲು ಬಕೆಟ್ಟು ಬಿಚ್ಚಬೇಕಿತ್ತು. ಬಿಚ್ಚಿದೆ. ಎರಡು ಪೈಪಿನ ತುದಿ ನೇತಾಡುತ್ತಿದ್ದವು. ಧೂಳು ಹೋಗಬಾರದು, ಎಣ್ಣೆ ತೊಟ್ಟಿಕ್ಕಬಾರದು ಎಂದು ಎರಡನ್ನೂ ಬಟ್ಟೆಯಿಂದ ಒರೆಸಿ, ಎರಡಕ್ಕೂ ಒಂದೊಂದು ಕೆಂಪು ಟೋಪಿ ತೊಡಿಸಿದೆ. ಲ್ಯಾಬಿನಲ್ಲಿ ಸೀಸೆಗಳಿಗೆ ಬಿರಡೆ ಹಾಕಿಟ್ಟು ಸಾಲಾಗಿ ನೋಡಿದಾಗ ಆಗುತ್ತಿದ್ದ ಸಮಾಧಾನವೇ ಆಯಿತು. ಗೂಟ ಹೊಡೆದಾಗಿದೆ, ಇನ್ನು ಎಣ್ಣೆ ಒಳಗೆ ನಿಂತಿರುತ್ತದೆ. ಕೂಡಿಸಿಬಿಡಿ ಎಂದು ಆಚಾರ್ರು ಹೇಳಿದ್ದು ತಲೆಯ ಯಾವ ಮೂಲೆಯಲ್ಲೂ ಇರಲಿಲ್ಲ. ಹೀಗೆ ಮಾಡಿದವರು ನಮ್ಮ ಹೊಸನಗರ ತಾಲ್ಲೂಕಿನಲ್ಲಿ ಮಾತ್ರ ಸಿಗಬಹುದು. ಅಬ್ಬಿ ನೀರು ಕಾಯುತ್ತದೆ, ಪಂಪು ಕಾಯುವುದಿಲ್ಲ.

ಕೀಲಿ ತಿರುಗಿಸಿದೆ. ಎಂಜಿನ್ ಹಿಡಿಯಿತು, ಹಿಡಿದದ್ದೇ ಅಡಿಯಿಂದ ಹಂದಿ ಕಿರುಚಿದ ಹಾಗೆ ಒಂದು ಶಬ್ದ ಬಂತು. ಏನು ಎಂದು ಬಗ್ಗುವಷ್ಟರಲ್ಲಿ ಹೋಗುವ ಪೈಪಿನ ಕೊರಳ ಹತ್ತಿರ ಹೊಗೆಯಂಥದ್ದು ಚಿಮ್ಮಿತು. ಅಕ್ಕ ಪಕ್ಕದಲ್ಲೇ ನಿಂತಿದ್ದಳು. "ಸೋರ್ತಾ ಇದೆ" ಎಂದವಳು ಬಲಗೈಯ ಅಂಗೈಯನ್ನು ಅದಕ್ಕೆ ಒತ್ತಿ ಹಿಡಿದಳು. ನಾನು ಎಂಜಿನ್ ಆರಿಸಿದೆ.

ಅವಳು ಅಂಗೈ ನೋಡಿಕೊಂಡಳು. ನಾನೂ ನೋಡಿದೆ. ರಕ್ತವಿಲ್ಲ, ಏನಿಲ್ಲ. ನಡುವೆ ಸೂಜಿ ಚುಚ್ಚಿದಂಥ ಒಂದು ಚುಕ್ಕೆ. "ಎಂತ ಆಗಿಲ್ಲ ಮಾರಾಯ, ಸ್ವಲ್ಪ ಚುರು ಅಂತು" ಎಂದು ಸೀರೆಗೆ ಎಣ್ಣೆ ಒರೆಸಿಕೊಂಡಳು. ನಾನು ಪೈಪು ಹೋಯಿತಲ್ಲ ಎಂಬ ಚಿಂತೆಯಲ್ಲಿ ಆಚಾರ್ರಿಗೆ ಫೋನ್ ಮಾಡಿದೆ. ಶಬ್ದ ಬಂದದ್ದು, ಎಣ್ಣೆ ಚಿಮ್ಮಿದ್ದು ಎಲ್ಲ ವರದಿ ಒಪ್ಪಿಸಿದೆ. ಅವರು ಪೈಪಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಯಾರಾದ್ರೂ ಕೈ ಇಟ್ರಾ?"

"ಅಕ್ಕ ಇಟ್ಳು. ಏನೂ ಆಗಿಲ್ಲ, ಒಂದು ಚುಕ್ಕೆ ಅಷ್ಟೆ."

"ಮೇಷ್ಟ್ರೇ, ಪೈಪು ಬಿಡಿ. ಈಗ್ಲೇ ಶಿವಮೊಗ್ಗಕ್ಕೆ ದೊಡ್ಡ ಆಸ್ಪತ್ರೆಗೆ ಹೊರಡಿ. ಊತ ಬರ್ಲಿ, ನೋಡೋಣ ಅಂತ ಕಾಯಬೇಡಿ. ಒತ್ತಡದ ಎಣ್ಣೆ ಕೈಯೊಳಗೆ ಹೋಗಿದೆ ಅಂತ ಹೇಳಿ, ಗಾಯ ಅಂತ ಹೇಳಬೇಡಿ. ನಾನೊಬ್ಬರ ಕೈ ನೋಡಿದೀನಿ" ಎಂದರು. ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ದಾರಿಯಲ್ಲಿ ಅವಳ ಬೆರಳುಗಳು ದಪ್ಪವಾಗುತ್ತ ಬಂದವು. ನೋವು ಎಂದು ಬಾಯಿ ಬಿಟ್ಟು ಹೇಳುವವಳಲ್ಲ. ಕಾರಿನ ಕಿಟಕಿಯ ಹಿಡಿಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದಿದ್ದಳು. ಆಸ್ಪತ್ರೆಯ ಕೌಂಟರಿನಲ್ಲಿ ಒಬ್ಬ ಹುಡುಗಿ ಫಾರ್ಮ್ ತುಂಬಿಸಿಕೊಳ್ಳುತ್ತಿದ್ದಳು. ಹೆಸರು, ವಯಸ್ಸು. "ಕೆಲಸ ಏನು ಮಾಡ್ತಾರೆ?" ಎಂದಳು. ನಾನು ಗಾಬರಿಯಲ್ಲಿ "ಮನೇಲೇ ಇರ್ತಾರೆ" ಎಂದೆ. ಹಿಂದಿನಿಂದ ಅಕ್ಕ, ಆ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದುಕೊಂಡೇ, "ಬೇಸಾಯ ಅಂತ ಬರ್ಕೊಳಿ" ಎಂದಳು.

ಹುಡುಗಿ ಬರೆದುಕೊಂಡಳು. ನನಗೆ ಆ ಕ್ಷಣ ನೆಲದ ಮೇಲೆ ನಿಲ್ಲಲು ನಾಚಿಕೆಯಾಯಿತು.

ಅಂಗೈ ಕೊಯ್ದು ತೆರೆದು, ಒಳಗೆ ಹರಡಿದ್ದ ಎಣ್ಣೆಯನ್ನೆಲ್ಲ ತೊಳೆದರು. ಎರಡು ಸಲ ಮಾಡಬೇಕಾಯಿತು. ಸಂಜೆವರೆಗೆ ಕಾದಿದ್ದರೆ ಕೈ ಉಳಿಸುವ ಮಾತು ಕಷ್ಟವಿತ್ತು, ಯಾರು ಬೇಗ ಕಳಿಸಿದ್ದು ಎಂದು ಡಾಕ್ಟರು ಕೇಳಿದರು. ಸಾಗರದ ಮೆಕ್ಯಾನಿಕ್ ಎಂದೆ. ಯಾರು ಕೈ ಇಡಲು ಬಿಟ್ಟದ್ದು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ.

ಆ ದಿನಗಳಲ್ಲಿ ನಾನು ಇನ್ನೊಂದು ಕೆಲಸ ಮಾಡಿದೆ. ಆಸ್ಪತ್ರೆಯ ವರಾಂಡದಲ್ಲಿ ನಿಂತು ಶುಂಠಿಯ ಏಜೆಂಟನಿಗೆ ಫೋನ್ ಮಾಡಿದೆ. ಯುಗಾದಿ ಕಳೆಯಲಿ, ಬಂದು ಗದ್ದೆ ನೋಡಿ ಎಂದೆ. ಅವಳಿಗೆ ಇನ್ನು ಈ ಕಷ್ಟ ಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ, ಆ ಗದ್ದೆಯಲ್ಲಿ ಅವಳು ಆ ಕೈಯಿಂದ ಕೆಲಸ ಮಾಡುವುದನ್ನು ದಿನಾ ನೋಡುವ ಧೈರ್ಯ ನನಗಿರಲಿಲ್ಲ. ಅಕ್ಕನಿಗೆ ಇದನ್ನೂ ಹೇಳಲಿಲ್ಲ.

ಗಾಯ ಮಾಗಿತು. ನಡುಬೆರಳು, ಉಂಗುರದ ಬೆರಳು ಪೂರ್ತಿ ಮಡಚಲು ಬರಲಿಲ್ಲ, ಇನ್ನು ಬರುವುದೂ ಇಲ್ಲವಂತೆ. ಒಂದು ಬೆಳಿಗ್ಗೆ ಆಚಾರ್ರು ಸಾಮಾನಿನ ಪೆಟ್ಟಿಗೆ ಹಿಡಿದು ತಾವೇ ಮನೆಗೆ ಬಂದರು. ನಾನು ಅಂಗಳದಲ್ಲೇ ತಡೆದು, "ಎಲ್ಲ ಬಿಚ್ಚಿಹಾಕಿ ಆಚಾರ್ರೇ, ಮೊದಲಿದ್ದಂಗೆ ಮಾಡಿಕೊಡಿ, ಬಕೆಟ್ಟೂ ಬೇಡ ಏನೂ ಬೇಡ" ಎಂದೆ. ಅವರು ನನ್ನ ಹಿಂದೆ ನೋಡುತ್ತಿದ್ದರು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕೈ ಚಾಚಿ ತೋರಿಸಿದಳು. ಆಚಾರ್ರು ಬಹಳ ಹೊತ್ತು ಆ ಅಂಗೈಯನ್ನೇ ನೋಡಿದರು.

"ಈ ಕೈಗೆ ಹಿಡಿಕೆ ಸಿಗೋದಿಲ್ಲ" ಎಂದಳು ಅಕ್ಕ. "ಅದನ್ನ ಎಡಗಡೆ ಹಾಕೋಕೆ ಆಗ್ತದಾ?"

"ಎಡಗೈ ಹೆಂಗಿದೆ?"

"ಅದು ಯಾವತ್ತೂ ಕೆಲಸಕ್ಕೆ ಹಿಂದೆ ಬಿದ್ದಿದ್ದಲ್ಲ."

"ಹಂಗಾರೆ ಆಗ್ತದೆ" ಎಂದು ಆಚಾರ್ರು ಪೆಟ್ಟಿಗೆ ತೆರೆದರು.

ಎರಡು ದಿನ ಕೆಲಸ ನಡೆಯಿತು. ವಾಲ್ವನ್ನು ಬಕೆಟ್ಟಿನ ಕಟ್ಟಿನಿಂದ ತೆಗೆದು ಟ್ರ್ಯಾಕ್ಟರಿಗೇ, ಸೀಟಿನ ಎಡಕ್ಕೆ ಕೂರಿಸಿದರು. ಅಕ್ಕನನ್ನು ಸೀಟಿನ ಮೇಲೆ ಕೂರಿಸಿ, ಹಿಡಿಕೆ ಎಷ್ಟು ಎತ್ತರಕ್ಕೆ ಬರಬೇಕು ಎಂದು ಅವಳ ಮೊಣಕೈಯಿಂದ ಅಳತೆ ತೆಗೆದರು. ನಾನು ಅವರು ಕೇಳಿದ ಸ್ಪ್ಯಾನರ್ ಕೊಡುತ್ತ ನಿಂತಿದ್ದೆ. ಎರಡು ಸಲ ತಪ್ಪು ನಂಬರಿನದು ಕೊಟ್ಟೆ. ಬಿಚ್ಚಿ ಹಾಕಿದ ಕೆಂಪು ಟೋಪಿಯೊಂದು ನೆಲದಲ್ಲಿ ಬಿದ್ದಿತ್ತು, ಎತ್ತಿ ಜೇಬಿಗೆ ಹಾಕಿಕೊಂಡೆ. ವಾಪಸ್ ಪೈಪನ್ನು ಈ ಸಲ ನಡುವೆ ಎಲ್ಲೂ ತುಂಡು ಮಾಡದೆ ವಾಲ್ವಿನಿಂದ ನೇರ ಟ್ಯಾಂಕಿಗೆ ಎಳೆದರು. "ಇನ್ನು ಇದನ್ನ ಯಾರು ಬೇಕಂದ್ರೂ ಮುಚ್ಚೋಕೆ ಆಗೋದಿಲ್ಲ" ಎಂದರು. ನನ್ನ ಕಡೆ ನೋಡದೆ ಹೇಳಿದ್ದು ಅವರ ಮರ್ಯಾದೆ.

ಮುಗಿದ ಮೇಲೆ ಕೈ ಒರೆಸಿಕೊಳ್ಳುತ್ತ "ಮೇಷ್ಟ್ರೇ, ಕೇಳಿ ಇಲ್ಲಿ" ಎಂದು ಶುರು ಮಾಡಿದರು. "ನಂಗೆ ಬೇಡ, ಅಕ್ಕಂಗೆ ಹೇಳಿ" ಎಂದೆ. ಅವರು ಅವಳಿಗೆ ಹೇಳಿದರು. ಅವಳು ನನ್ನಂತೆ ಹೂಂ ಎನ್ನಲಿಲ್ಲ, ಕೇಳಿದಳು. ಎಣ್ಣೆ ಬಿಸಿಯಾದರೆ ಗೊತ್ತಾಗುವುದು ಹೇಗೆ, ಯಾವ ಶಬ್ದ ಬಂದರೆ ನಿಲ್ಲಿಸಬೇಕು. "ಎಂಜಿನ್ ಆರಿಸಿದ ಮೇಲೂ ಪೈಪಲ್ಲಿ ಒತ್ತಡ ಉಳಿದಿರ್ತದಾ?" ಎಂದು ಕೇಳಿದಾಗ ಆಚಾರ್ರು ಒರೆಸುವುದನ್ನು ನಿಲ್ಲಿಸಿದರು. "ಇರ್ತದೆ ಅಕ್ಕ. ಬಕೆಟ್ ನೆಲಕ್ಕಿಟ್ಟು, ಎಂಜಿನ್ ಆರಿಸಿ, ಎರಡೂ ಹಿಡಿಕೆ ಒಮ್ಮೆ ಹಿಂದೆ ಮುಂದೆ ಆಡಿಸಿದ್ರೆ ಇಳೀತದೆ. ಈ ಪ್ರಶ್ನೆ ನಂಗೆ ಯಾರೂ ಕೇಳಿರಲಿಲ್ಲ" ಎಂದರು. ಮೂವತ್ತು ವರ್ಷದಲ್ಲಿ ಇಂಥದ್ದೊಂದು ಪ್ರಶ್ನೆ ಕೇಳುವ ವಿದ್ಯಾರ್ಥಿ ಸಿಗಲಿ ಎಂದು ನಾನು ಕಾದಿದ್ದೆ. ಅವಳು ನನ್ನ ಮನೆಯಲ್ಲೇ ಇದ್ದಳು, ನನಗೆ ಬುತ್ತಿ ಕಟ್ಟಿಕೊಡುತ್ತ.

ಯುಗಾದಿ ಕಳೆದು ವಾರಕ್ಕೆ ಸರಿಯಾಗಿ ಏಜೆಂಟ್ ಬಂದ. ಅವನಿಗೆ ಬರಬೇಡ ಎಂದು ಹೇಳಲು ಬೇಕಾದಷ್ಟು ದಿನ ಇತ್ತು. ಹೇಳಿರಲಿಲ್ಲ. ಹೇಳುವುದೆಂದರೆ ಅಕ್ಕನಿಗೂ ಹೇಳಬೇಕಿತ್ತು. ಬೈಕನ್ನು ರಸ್ತೆಯಲ್ಲಿ ನಿಲ್ಲಿಸಿ, ಅಂಚಿನ ಮೇಲೆ ನನ್ನ ಜೊತೆ ನಡೆದು ಬಂದ. ಅಕ್ಕ ಕೆಳಗಿನ ಗದ್ದೆಯಲ್ಲಿ ಟ್ರ್ಯಾಕ್ಟರಿನ ಮೇಲಿದ್ದಳು. ಎಡಗೈ ಹಿಡಿಕೆಯ ಮೇಲಿತ್ತು, ಬಲಗೈಯ ಮೂರು ಬೆರಳು ಸ್ಟೀರಿಂಗಿನ ಮೇಲೆ. ನಮ್ಮನ್ನು ಕಂಡು ಬಕೆಟ್ಟು ನೆಲಕ್ಕಿಳಿಸಿ, ಎಂಜಿನ್ ಆರಿಸಿ, ಹಿಡಿಕೆ ಎರಡನ್ನೂ ಒಮ್ಮೆ ಆಡಿಸಿದಳು.

"ಎಂತ ಬೇಕಿತ್ತು?"

ಏಜೆಂಟ್ ನನ್ನ ಮುಖ ನೋಡಿದ. ನಾನು ಅಂಚಿನ ಹುಲ್ಲು ನೋಡಿದೆ. ಅವನೇ ಹೇಳಿದ. "ಶುಂಠಿಗೆ ಗದ್ದೆ ಕೇಳೋಕೆ ಬಂದಿದ್ದಮ್ಮ. ಮೇಷ್ಟ್ರು ಫೋನ್ ಮಾಡಿದ್ರು, ಆಸ್ಪತ್ರೆಯಿಂದ."

ಅಕ್ಕ ನನ್ನ ಕಡೆ ತಿರುಗಿದಳು. ಸಿಟ್ಟಿನ ನೋಟವಲ್ಲ ಅದು. ಪಂಚಾಯ್ತಿಯವರು ಬಂದಾಗ, ಬ್ಯಾಂಕಿನವರು ಬಂದಾಗ, ಗದ್ದೆಯ ಮಾತು ಬಂದಾಗಲೆಲ್ಲ ಅವಳು ನನ್ನ ಕಡೆ ನೋಡುವುದು ರೂಢಿ. ನಾನು ಉತ್ತರ ಕೊಡುವುದೂ ರೂಢಿ. ಮಾತು ನಾಲಗೆಯ ತುದಿಗೆ ಬಂದಿತ್ತು. ನನ್ನ ತಪ್ಪಾಯಿತು ಎಂದೋ, ಅವನನ್ನು ಕಳಿಸಿಬಿಡುತ್ತೇನೆ ಎಂದೋ. ಅದೂ ನಾನೇ ಉತ್ತರ ಕೊಟ್ಟ ಹಾಗಾಗುತ್ತಿತ್ತು. ಬಾಯಿ ಮುಚ್ಚಿಕೊಂಡು ನಿಂತೆ. ಅಷ್ಟು ಉದ್ದದ ಮೌನವನ್ನು ನಾನು ಯಾವ ಕ್ಲಾಸಿನಲ್ಲೂ ತಡೆದುಕೊಂಡವನಲ್ಲ.

ಅವಳು ಕಾದಳು. ಆಮೇಲೆ ನನ್ನ ಮೇಲಿನಿಂದ ಕಣ್ಣು ತೆಗೆದು ಅವನ ಕಡೆ ನೋಡಿದಳು.

"ಕೊಡೋದಿಲ್ಲ" ಎಂದಳು. "ಗೊಬ್ಬರ ಹಾಕಾಗಿದೆ."

ಏಜೆಂಟ್ ಅಷ್ಟಕ್ಕೆ ಬಿಡುವವನಲ್ಲ. ನನ್ನ ಕಡೆ ತಿರುಗಿ, ಗಂಡಸರ ಮಾತು ಗಂಡಸರಿಗೆ ಎಂಬಂತೆ ದನಿ ತಗ್ಗಿಸಿ, "ಏನಂತೀರಿ ಮೇಷ್ಟ್ರೇ?" ಎಂದ.

"ಕೇಳಿಸ್ತಲ್ಲ" ಎಂದೆ.